ಹೊಳೆಯ ದಂಡೆ, ಹಣದ ಮನೆ, ಕೂರುವ ಮಣೆ: ‘ಬ್ಯಾಂಕ್’ ಪದದ ಮೂಲ ಯಾವುದು?

ಕುಂಜಿಬೆಟ್ಟಿನ ಓದುಗ:

ಇಂಗ್ಲಿಷಿನ ‘ಬ್ಯಾಂಕ್’ ಪದದ ಬಗ್ಗೆ ಇಲ್ಲಿ ಒಂದು ಚರ್ಚೆ ನಡೆಯಲಿ ಎಂದು ಅಪೇಕ್ಷಿಸುತ್ತೇನೆ. ಹಣ ಇಡುವ ಸಂಸ್ಥೆಗೂ ಹೊಳೆಯ ದಂಡೆಗೂ ಅದೇ ಪದ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ದೊಡ್ಡ ಇಂಗ್ಲಿಷ್ ನಿಘಂಟುಗಳನ್ನು ತೆರೆದರೆ ಅದು ಒಂದೇ ಪದವಾಗಿ ಸಿಗುವುದಿಲ್ಲ. ದಂಡೆ ಅಥವಾ ದಿಬ್ಬ ಎಂಬ ಅರ್ಥಕ್ಕೆ ಒಂದು ನಮೂದು, ಹಣದ ಸಂಸ್ಥೆಗೆ ಇನ್ನೊಂದು, ಒಂದರ ಪಕ್ಕ ಒಂದು ಜೋಡಿಸಿಟ್ಟ ವಸ್ತುಗಳ ಸಾಲು ಎಂಬ ಅರ್ಥಕ್ಕೆ ಮತ್ತೊಂದು, ಹೀಗೆ ಸಂಖ್ಯೆ ಹಾಕಿ ಬೇರೆ ಬೇರೆಯಾಗಿಯೇ ಕೊಟ್ಟಿರುತ್ತಾರೆ. ಇವು ಕಾಕತಾಳೀಯವಾಗಿ ಒಂದೇ ರೂಪ ತಾಳಿದ ಬೇರೆ ಪದಗಳೋ, ಒಂದೇ ಬೇರಿನಿಂದ ಒಡೆದ ಕವಲುಗಳೋ?

1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಈ ಕರಾವಳಿಯಲ್ಲಿ ಆ ಪದ ಮನೆಮಾತೇ ಆಗಿಹೋಗಿದೆ. ಅದರ ಹುಟ್ಟನ್ನು ನಾವು ತಿಳಿಯದಿದ್ದರೆ ಹೇಗೆ ಎಂಬ ಭಾವನೆಯಿಂದ ಕೇಳುತ್ತಿದ್ದೇನೆ.

ಇಂಗ್ಲಿಷ್ ಅಧ್ಯಾಪಕಿ, ಮಣಿಪಾಲ:

ಪ್ರಶ್ನೆ ಬಹಳ ಒಳ್ಳೆಯದು. ಉತ್ತರಿಸುವ ಮೊದಲು ನಮ್ಮದೇ ಒಂದು ಪದವನ್ನು ನೋಡೋಣ. ‘ಕರೆ’ ಎಂದರೆ ಕೂಗು, ಆಹ್ವಾನ. ‘ಕರೆ’ ಎಂದರೆ ದಡ, ಅಂಚು. ತುಳುವಿನಲ್ಲಿ ಕಡಲ ಕರೆ ಎನ್ನುತ್ತೇವೆ, ಕೋಣಗಳು ಓಡುವ ಜೋಡುಕರೆ ಕಂಬಳವನ್ನೂ ಬಲ್ಲೆವು. ಹಾಲು ಹಿಂಡುವುದಕ್ಕೂ ‘ಕರೆ’, ಬಟ್ಟೆಗೆ ಹತ್ತಿದ ಕಲೆಗೂ ‘ಕರೆ’. ಹಳಗನ್ನಡದಲ್ಲಿ ಕೊನೆಯ ಎರಡನ್ನು ಶಕಟರೇಫ ಹಾಕಿ ‘ಕಱೆ’ ಎಂದು ಬರೆಯುತ್ತಿದ್ದರು, ಆದ್ದರಿಂದ ಅವು ಬೇರೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಬೇರೆ ಬೇರೆ ಮೂಲದ ಪದಗಳು ಒಂದೇ ರೂಪಕ್ಕೆ ಬಂದು ನಿಂತವು. ಇದು ಒಂದು ಬಗೆ. ‘ತಲೆ’ ಎಂಬ ಪದ ದೇಹದ ಭಾಗದಿಂದ ಹೊರಟು ತಲೆಬರಹ, ತಲೆಬಾಗಿಲುಗಳಿಗೆ ಹಬ್ಬಿರುವುದು ಇನ್ನೊಂದು ಬಗೆ. ಅಲ್ಲಿ ಪದ ಒಂದೇ, ಅರ್ಥ ಹಲವು.

‘ಬ್ಯಾಂಕ್’ ಈ ಎರಡರ ನಡುವೆ ನಿಂತಿದೆ ಎಂಬುದೇ ಅದರ ವಿಶೇಷ. ಜರ್ಮನ್, ಇಂಗ್ಲಿಷ್, ಸ್ಕ್ಯಾಂಡಿನೇವಿಯದ ಭಾಷೆಗಳಿಗೆಲ್ಲ ತಾಯಿಯಾದ ಪ್ರಾಚೀನ ಜರ್ಮಾನಿಕ್ ಭಾಷೆಯಲ್ಲಿ ‘ಬಂಕ್’ ಎಂಬ ಒಂದು ಧಾತುವಿತ್ತು. ಸುತ್ತಲಿನ ನೆಲಕ್ಕಿಂತ ಎತ್ತರವಾಗಿ ಉದ್ದಕ್ಕೆ ಹರಡಿರುವುದು ಎಂದು ಅದರ ಭಾವವನ್ನು ಹೇಳಬಹುದು. ಮಣ್ಣಿನದಾದರೆ ದಿಬ್ಬ, ಮರದ್ದಾದರೆ ಕೂರುವ ಮಣೆ. ಇಂಗ್ಲಿಷಿನ ಹಳೆಯ ಸ್ವಂತ ರೂಪ ‘ಬೆಂಚ್’. ಅದು ಎಲ್ಲಿಗೂ ಹೋಗಿ ಬಂದದ್ದಲ್ಲ, ಮನೆಯಲ್ಲೇ ಬೆಳೆದದ್ದು. ದಂಡೆ ಎಂಬ ಅರ್ಥದ ‘ಬ್ಯಾಂಕ್’ ಇಂಗ್ಲಿಷಿನ ಬರಹಗಳಲ್ಲಿ ಕಾಣಿಸಿಕೊಳ್ಳುವುದು 13ನೇ ಶತಮಾನದ ಆರಂಭದ ಹೊತ್ತಿಗೆ; ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲಸಿದ ನಾರ್ಸ್ ಜನರ, ಅಂದರೆ ಸ್ಕ್ಯಾಂಡಿನೇವಿಯದಿಂದ ಬಂದವರ, ಮಾತಿನಿಂದ ಅದು ಬಂದಿರಬೇಕು ಎಂಬುದು ವಿದ್ವಾಂಸರ ಅಭಿಪ್ರಾಯ. ಆಕಾಶಕ್ಕೆ ‘ಸ್ಕೈ’, ಮೊಟ್ಟೆಗೆ ‘ಎಗ್’, ಕಿಟಕಿಗೆ ‘ವಿಂಡೋ’ ಕೊಟ್ಟವರೂ ಅವರೇ. ಸಾಲು ಎಂಬ ಅರ್ಥದ್ದು ಹಳೆಯ ಫ್ರೆಂಚಿನ ‘ಬಾಂಕ್’, ಅಂದರೆ ಬೆಂಚು, ಎಂಬುದರಿಂದ ಬಂತು. ಹುಟ್ಟು ಹಾಕುವ ಹಡಗುಗಳಲ್ಲಿ ಹುಟ್ಟಾಳುಗಳು ಬೆಂಚುಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಬೆಂಚಿನ ಹೆಸರು ಸಾಲಿಗೆ ಸಂದಿತು. ಇಂದು ನಮ್ಮ ವಿದ್ಯುತ್ ಸಬ್‌ಸ್ಟೇಷನ್‌ಗಳಲ್ಲಿ ‘ಕೆಪಾಸಿಟರ್ ಬ್ಯಾಂಕ್’ ಎಂದು ಸಿಬ್ಬಂದಿ ಹೇಳುವುದು ಈ ಅರ್ಥದಲ್ಲೇ. ಹಣದ ಅರ್ಥ ಎಲ್ಲಕ್ಕಿಂತ ತಡವಾಗಿ, 15ನೇ ಶತಮಾನದ ಕೊನೆಯ ಭಾಗದಲ್ಲಿ, ಇಟಲಿಯ ‘ಬಾಂಕಾ’ದಿಂದ ಫ್ರೆಂಚಿನ ದಾರಿಯಾಗಿ ಬಂತು. ಆ ಇಟಾಲಿಯನ್ ಪದದ ಮೊದಲ ಅರ್ಥವೂ ಬೆಂಚು, ಅದೂ ಇಟಲಿಗೆ ಜರ್ಮಾನಿಕ್ ಜನರಿಂದ ಬಂದ ಎರವಲು.

ಹೀಗೆ ಇಂಗ್ಲಿಷಿನೊಳಗೆ ಇವು ಬೇರೆ ಬೇರೆ ಬಾಗಿಲಿನಿಂದ, ಬೇರೆ ಬೇರೆ ಶತಮಾನಗಳಲ್ಲಿ ಪ್ರವೇಶಿಸಿದ ಕಾರಣ ನಿಘಂಟುಕಾರರು ಬೇರೆ ನಮೂದು ಕೊಟ್ಟರು. ಇಂಗ್ಲಿಷಿನ ಹೊಸ್ತಿಲನ್ನು ದಾಟಿ ಹಿಂದಕ್ಕೆ ಹೋದರೆ ಎಲ್ಲವೂ ಒಂದೇ ಕುಲದವು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಕೊಡಿಯಾಲಬೈಲು:

ಅಧ್ಯಾಪಕಿ ಮೇಡಂ ಅವರ ವಿವರಣೆಗೆ ಧನ್ಯವಾದಗಳು. ನಾವು ಬಿ.ಕಾಂ. ಓದುವಾಗ ಪಠ್ಯದಲ್ಲಿ ಎರಡು ವಾದಗಳಿರುತ್ತಿದ್ದವು, ಪರೀಕ್ಷೆಗೂ ಬರುತ್ತಿದ್ದವು. ಒಂದು, ಇಟಲಿಯ ಬೆಂಚಿನ ವಾದ. ಇನ್ನೊಂದು, ಜರ್ಮನಿನ ‘ಬ್ಯಾಕ್’ ಎಂಬ ಪದ, ಕೂಡುಬಂಡವಾಳ ಅಥವಾ ರಾಶಿ ಎಂಬ ಅರ್ಥದಲ್ಲಿ, ಇಟಲಿಗೆ ಹೋಗಿ ‘ಬಾಂಕೋ’ ಆಯಿತು ಎಂಬ ವಾದ. ಎರಡನೆಯದಕ್ಕೆ ಆಧಾರ ಎಷ್ಟು ಗಟ್ಟಿ ಎಂಬುದನ್ನು ಮೇಡಂ ತಿಳಿಸಬೇಕು.

ಬೆಂಚಿನ ವಾದಕ್ಕೆ ನನ್ನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಮಧ್ಯಯುಗದ ಫ್ಲಾರೆನ್ಸ್ ನಗರದಲ್ಲಿ ನಾಣ್ಯ ವಿನಿಮಯ ಮಾಡುವವರದೇ ಒಂದು ಸಂಘವಿತ್ತು, ‘ಆರ್ಟೆ ದೆಲ್ ಕಾಂಬಿಯೊ’ ಎಂದು ಅದರ ಹೆಸರು. ಬಟ್ಟೆ ಹಾಸಿದ ಮೇಜು, ಹಣದ ಚೀಲ, ಲೆಕ್ಕದ ಪುಸ್ತಕ, ಇವಿಷ್ಟು ಅವರ ಕಚೇರಿ. ಊರೂರಿನ ನಾಣ್ಯಗಳ ತೂಕ ಬೇರೆ, ಬೆಳ್ಳಿ–ಬಂಗಾರದ ಅಂಶ ಬೇರೆ. ಪರವೂರಿನ ವ್ಯಾಪಾರಿ ತನ್ನ ನಾಣ್ಯ ಕೊಟ್ಟು ಆ ಊರಿನ ನಾಣ್ಯ ಪಡೆಯಬೇಕಾದರೆ ಈ ಮೇಜಿನ ಮುಂದೆ ಬಂದು ನಿಲ್ಲಲೇಬೇಕಿತ್ತು. ಬಂದವನು ಅರ್ಧ ಹಣವನ್ನು ಅಲ್ಲೇ ಬಿಟ್ಟುಹೋದರೆ ಅದು ಠೇವಣಿ, ಇನ್ನೊಂದು ಊರಿನಲ್ಲಿ ಪಡೆಯುವಂತೆ ಚೀಟಿ ಬರೆಸಿಕೊಂಡರೆ ಅದು ಹುಂಡಿ. ಇಂದಿನ ಕೌಂಟರ್ ಕೆಲಸದ ಮುಖ್ಯಭಾಗವೆಲ್ಲ ಅಲ್ಲಿ ಆಗಲೇ ಇದೆ.

ಗ್ರೀಕ್ ಭಾಷೆಯನ್ನು ನೋಡಿದರೆ ಬೆಂಚಿನ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಅಲ್ಲಿ ಇಂದಿಗೂ ಬ್ಯಾಂಕಿಗೆ ‘ಟ್ರಾಪೆಜಾ’ ಎನ್ನುತ್ತಾರೆ. ಅದರ ಮೂಲ ಅರ್ಥ ಮೇಜು, ನಾಲ್ಕು ಕಾಲಿನದು. ಬೈಬಲಿನಲ್ಲಿ ಏಸು ದೇವಾಲಯದ ಅಂಗಳದಲ್ಲಿ ಕೆಡವಿದ್ದು ಹಣ ಬದಲಾಯಿಸುವವರ ಟ್ರಾಪೆಜಾಗಳನ್ನೇ. ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಯಜಮಾನನು ತನ್ನ ಹಣವನ್ನು ಬಡ್ಡಿಗೆ ಏಕೆ ಕೊಡಲಿಲ್ಲವೆಂದು ಕೇಳುವಲ್ಲಿ ಗ್ರೀಕಿನಲ್ಲಿ ಇರುವುದು ‘ಮೇಜಿನ ಮೇಲೆ’ ಎಂಬ ಮಾತು. 1611ರ ಇಂಗ್ಲಿಷ್ ಅನುವಾದದಲ್ಲಿ ಅದು ‘ಬ್ಯಾಂಕ್’ ಆಗಿದೆ.

‘ಬ್ಯಾಂಕ್ರಪ್ಟ್’ ಎಂಬುದು ಇಟಲಿಯ ‘ಬಾಂಕಾ ರೋಟ್ಟಾ’, ಅಂದರೆ ಮುರಿದ ಬೆಂಚು. ಸಾಲ ತೀರಿಸಲಾಗದವನ ಬೆಂಚನ್ನು ಜನರು ನಿಜವಾಗಿಯೇ ಮುರಿದುಹಾಕುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಪ್ರಚಲಿತ. ಆದರೆ ವ್ಯಾಪಾರ ಮುರಿದುಬಿತ್ತು ಎಂದು ನಾವೂ ಹೇಳುತ್ತೇವಲ್ಲ, ಅದೂ ಆ ಬಗೆಯ ಮಾತೇ ಇದ್ದೀತು ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ‘ಪಾಪರ್ ಆದ’ ಎನ್ನುವುದು ಮಾತ್ರ ಬೇರೆ ದಾರಿಯದು. ಅದು ನಿರ್ಗತಿಕ ಎಂಬ ಅರ್ಥದ ಇಂಗ್ಲಿಷಿನ ‘ಪಾಪರ್’, ನ್ಯಾಯಾಲಯಗಳ ಮೂಲಕ ನಮ್ಮ ಬಾಯಿಗೆ ಬಂದದ್ದು.

ಇಂಗ್ಲಿಷ್ ಅಧ್ಯಾಪಕಿ, ಮಣಿಪಾಲ:

ಸರ್, ಎರಡನೆಯ ವಾದದಲ್ಲಿ ಒಂದು ಎಳೆ ಸರಿ, ಉಳಿದದ್ದು ಸರಿಯಲ್ಲ. ಇಟಾಲಿಯನ್ ಪದದ ಹಿಂದೆ ಜರ್ಮಾನಿಕ್ ಮೂಲವಿರುವುದು ನಿಜ. ಆದರೆ ದಾಟಿಹೋದದ್ದು ಬೆಂಚಿನ ಅರ್ಥವೇ ಹೊರತು ಬಂಡವಾಳದ ಅರ್ಥವಲ್ಲ. ಹಣದ ಅರ್ಥ ಹುಟ್ಟಿದ್ದು ಇಟಲಿಯ ಪೇಟೆಗಳಲ್ಲಿ. ಜರ್ಮನಿನಲ್ಲಿ ಇಂದಿಗೂ ‘ಬಾಂಕ್’ ಎಂದರೆ ಬೆಂಚು, ‘ಬಾಂಕ್’ ಎಂದರೆ ಹಣದ ಬ್ಯಾಂಕ್. ಏಕವಚನದಲ್ಲಿ ವ್ಯತ್ಯಾಸವಿಲ್ಲ, ಬಹುವಚನದಲ್ಲಿ ಬೆಂಚುಗಳು ‘ಬೆಂಕೆ’, ಬ್ಯಾಂಕುಗಳು ‘ಬಾಂಕೆನ್’. ಸ್ವಂತ ಬೆಂಚಿಗೆ ಒಂದು ಬಹುವಚನ, ಇಟಲಿಯಿಂದ ಮರಳಿ ಬಂದ ಬ್ಯಾಂಕಿಗೆ ಇನ್ನೊಂದು. ತವರಿಗೆ ಹಿಂದಿರುಗಿದ ಪದವನ್ನು ಆ ಭಾಷೆ ಗುರುತು ಹಾಕಿ ಇಟ್ಟುಕೊಂಡಿದೆ.

ರಾಶಿಯ ಕಲ್ಪನೆ ಮಾತ್ರ ನಿರಾಧಾರವಲ್ಲ. ಇಟಲಿಯಲ್ಲಿ ಸಾರ್ವಜನಿಕ ನಿಧಿಗೆ ‘ಮೊಂಟೆ’, ಅಂದರೆ ಬೆಟ್ಟ ಅಥವಾ ರಾಶಿ, ಎನ್ನುವ ರೂಢಿಯೂ ಇತ್ತು. 1472ರಲ್ಲಿ ಸಿಯೆನಾದಲ್ಲಿ ಆರಂಭವಾದ, ಇಂದಿಗೂ ಇರುವ ಬ್ಯಾಂಕಿನ ಹೆಸರಿನಲ್ಲೇ ಆ ‘ಮೊಂಟೆ’ ಇದೆ.

ಕೊಂಕಣಿ ಮನೆಮಾತಿನವಳು, ಬೆಂದೂರು:

ಇಷ್ಟೆಲ್ಲ ದೂರ ಹೋಗುವ ಮೊದಲು ನಮ್ಮ ಮನೆಯೊಳಗೆ ನೋಡಬೇಕು ಎಂದು ನನಗನಿಸಿತು. ನಮ್ಮ ಕೊಂಕಣಿಯಲ್ಲಿ ಬೆಂಚಿಗೆ ‘ಬಾಂಕ್’ ಎನ್ನುತ್ತೇವೆ. ಇಗರ್ಜಿಯಲ್ಲಿ ಸಾಲಾಗಿ ಹಾಕಿದ, ಮೊಣಕಾಲೂರಲು ಕೆಳಗೊಂದು ಹಲಗೆ ಇರುವ ಉದ್ದನೆಯ ಮರದ ಆಸನಗಳು ‘ಬಾಂಕ್’. ಪೋರ್ಚುಗೀಸಿನ ‘ಬಾಂಕೊ’ದಿಂದ ಬಂದದ್ದು, ಕುರ್ಚಿಗೆ ಹೇಳುವ ‘ಕದೆಲ್’ ಕೂಡ ಅಲ್ಲಿಯದೇ. ಚಾವಿ, ಪಗಾರ ಎಂಬವು ಕನ್ನಡದವರ ಬಾಯಲ್ಲೂ ಇವೆ. ಪೋರ್ಚುಗೀಸಿನಲ್ಲಿ ‘ಬಾಂಕೊ’ ಎಂದರೆ ಬೆಂಚೂ ಹೌದು, ಹಣದ ಬ್ಯಾಂಕೂ ಹೌದು, ಮರಳ ದಿಬ್ಬಕ್ಕೂ ಅದೇ ಪದ ಸಲ್ಲುತ್ತದೆ.

ಆದ್ದರಿಂದ ನಮ್ಮ ಹಿರಿಯರು ಬಾಂಕಿನ ಮೇಲೆ ಕುಳಿತು ಪ್ರಾರ್ಥನೆ ಮುಗಿಸಿ, ಬೀದಿ ದಾಟಿ ಬ್ಯಾಂಕಿಗೆ ಹೋಗುವಾಗ, ಒಂದೇ ಪದದ ಎರಡು ರೂಪಗಳನ್ನು, ಒಂದು ಲಿಸ್ಬನ್ನಿನಿಂದ ಬಂದದ್ದು, ಇನ್ನೊಂದು ಲಂಡನ್ನಿನಿಂದ ಬಂದದ್ದು, ಒಟ್ಟಿಗೇ ಬಳಸುತ್ತಿದ್ದರು. ಸಿಂಹಳದಲ್ಲಿ ಬೆಂಚಿಗೆ ‘ಬಂಕುವ’, ಶ್ರೀಲಂಕಾದ ತಮಿಳಿನಲ್ಲಿ ‘ವಾಂಗು’ ಎನ್ನುವುದೂ ಇದೇ ಪೋರ್ಚುಗೀಸ್ ಪದ. ಕಡಲ ವ್ಯಾಪಾರ ನಡೆದ ದಡಗಳಲ್ಲೆಲ್ಲ ಅದು ಇಳಿದಿದೆ.

ಬಂದರ್ ನಿವಾಸಿ, ಮಂಗಳೂರು:

ಬ್ಯಾರಿ ಮಾತಿನಲ್ಲಿ ನಮಾಜಿನ ಕರೆಗೆ ‘ಬಾಂಕ್’ ಎನ್ನುತ್ತೇವೆ, ಕೆಲವರು ‘ಬಾಂಗ್’ ಎನ್ನುತ್ತಾರೆ. ಮಲಯಾಳದಲ್ಲೂ ‘ಬಾಂಕ್’, ‘ವಾಂಕ್’ ಎಂಬ ಬಳಕೆಯಿದೆ. ಇದಕ್ಕೂ ಮೇಲಿನ ಪದಕ್ಕೂ ಏನಾದರೂ ನಂಟಿದೆಯೇ?

ಇಂಗ್ಲಿಷ್ ಅಧ್ಯಾಪಕಿ, ಮಣಿಪಾಲ:

ನಂಟಿಲ್ಲ. ನಿಮ್ಮ ಪದ ಪಾರಸಿಯ ‘ಬಾಂಗ್’, ಕೂಗು ಎಂಬ ಅರ್ಥದ್ದು. ಮೂಲವೇ ಬೇರೆಯಾಗಿದ್ದು ರೂಪ ಮಾತ್ರ ಕೂಡಿಬಂದದ್ದಕ್ಕೆ ಇದು ಸರಿಯಾದ ಉದಾಹರಣೆ. ಬೆಂದೂರಿನ ಬಾಂಕಿಗೂ ಬಂದರಿನ ಬಾಂಕಿಗೂ ನಡುವೆ ಕೆಲವೇ ಕಿಲೋಮೀಟರ್ ಅಂತರವಿದ್ದರೂ ಅವು ಬಂದ ದಾರಿಗಳು ಎಲ್ಲಿಯೂ ಸೇರುವುದಿಲ್ಲ.

ಹುಣಿ ಮೇಲಿನ ನಡಿಗೆ, ಕುಂದಾಪುರ:

ಈ ಚರ್ಚೆಯನ್ನು ಓದುತ್ತ ನನಗೆ ‘ಕಟ್ಟೆ’ ನೆನಪಾಯಿತು, ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿ ಬೇಡುತ್ತೇನೆ. ಮಣ್ಣಿನ ದಿಬ್ಬವೂ ಕೂರುವ ಬೆಂಚೂ ಒಂದೇ ಪದದಿಂದ ಹೇಗೆ ಹುಟ್ಟೀತು ಎಂದು ಯಾರಿಗಾದರೂ ಸಂಶಯವಿದ್ದರೆ ಕನ್ನಡಿಗರಿಗೆ ಆ ಸಂಶಯ ಬರಬಾರದು. ನೀರನ್ನು ತಡೆಯಲು ಹಾಕಿದ ಏರಿಯೂ ಕಟ್ಟೆಯೇ. ಅಣೆಕಟ್ಟೆ ಎಂದಾಗ ಅದೇ ಅರ್ಥ. ಅಶ್ವತ್ಥದ ಬುಡಕ್ಕೆ ಕೆಂಪುಕಲ್ಲು ಸುತ್ತಿ, ಮಣ್ಣು ತುಂಬಿ, ಮೇಲೆ ಗಾರೆ ಬಳಿದು, ನಾಲ್ಕು ಜನ ಕೂರುವಂತೆ ಮಾಡಿದ್ದೂ ಕಟ್ಟೆಯೇ. ತುಳಸಿಕಟ್ಟೆ, ಹರಟೆಕಟ್ಟೆ, ಪಂಚಾಯಿತಿ ಕಟ್ಟೆ ಎಲ್ಲವೂ ಆ ಸಾಲಿನವು. ಫೆರ್ಡಿನಂಡ್ ಕಿಟ್ಟೆಲ್ ಅವರ ನಿಘಂಟು, 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು, ಕಟ್ಟೆಗೆ ಏರಿಯ ಅರ್ಥವನ್ನೂ ಆಸನದ ಅರ್ಥವನ್ನೂ ಕೊಡುತ್ತದೆ.

ಇನ್ನು ಹಣದ ಮಾತು. ಬಜಪೆಯ ಹತ್ತಿರ ಸುಂಕದಕಟ್ಟೆ ಇದೆ, ಬೆಂಗಳೂರಿನಲ್ಲೂ ಅದೇ ಹೆಸರಿನ ಊರಿದೆ. ಸರಕು ಹೊತ್ತ ಎತ್ತಿನ ಗಾಡಿಗಳನ್ನು ನಿಲ್ಲಿಸಿ ಸುಂಕ ಎತ್ತುತ್ತಿದ್ದ ಸ್ಥಳ ಸುಂಕದ ಕಟ್ಟೆ. ಕಟ್ಟೆಯ ಮೇಲೆ ಅಧಿಕಾರಿ ಕೂರುತ್ತಿದ್ದ, ಅವನ ಮುಂದೆ ಹಣ ಎಣಿಸಬೇಕಿತ್ತು. ಕೊನೆಗೆ ಕೂತ ಜಾಗದ ಹೆಸರೇ ಹಣ ಸಲ್ಲುವ ವ್ಯವಸ್ಥೆಗೆ ಅಂಟಿತು. ಫ್ಲಾರೆನ್ಸಿನ ಬೆಂಚು ನಡೆದ ದಾರಿಯಲ್ಲೇ ನಮ್ಮ ಕಟ್ಟೆಯೂ ನಡೆದಿತ್ತು, ಅಷ್ಟು ದೂರ ಹೋಗಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಮಂಗಳೂರಿನ ಹಂಪನಕಟ್ಟೆಯ ಸುತ್ತ ಇಂದು ಬ್ಯಾಂಕ್ ಶಾಖೆಗಳು ಕಿಕ್ಕಿರಿದಿವೆ. ಕಟ್ಟೆಗೆ ಅವು ಬಂದು ಸೇರಿದ್ದು ನನಗೆ ಬಹಳ ಸಮಂಜಸವಾಗಿ ಕಾಣುತ್ತದೆ.

ಇಂಗ್ಲಿಷ್ ಅಧ್ಯಾಪಕಿ, ಮಣಿಪಾಲ:

ಇದು ಈ ಚರ್ಚೆಗೆ ಬಂದ ಅತ್ಯಂತ ಬೆಲೆಯುಳ್ಳ ಮಾತು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಿಬಿಡುತ್ತೇನೆ, ಏಕೆಂದರೆ ಇಂತಹ ಬರಹಗಳು ನಾಳೆ ವಾಟ್ಸಾಪಿನಲ್ಲಿ ‘ಬ್ಯಾಂಕ್ ಪದ ಕನ್ನಡದ್ದೇ’ ಎಂಬ ತಲೆಬರಹದೊಡನೆ ಓಡಾಡಬಾರದು. ‘ಕಟ್ಟೆ’ ನಮ್ಮ ‘ಕಟ್ಟು’ ಧಾತುವಿನಿಂದ ಬಂದ ದ್ರಾವಿಡ ಪದ, ‘ಬ್ಯಾಂಕ್’ ಜರ್ಮಾನಿಕ್. ರಕ್ತಸಂಬಂಧ ಇಲ್ಲ. ಎತ್ತರಿಸಿದ ನೆಲವನ್ನು ಕಂಡಾಗ ಎರಡೂ ಕಡೆಯ ಜನರ ಮನಸ್ಸು ಒಂದೇ ರೀತಿ ಕೆಲಸ ಮಾಡಿತು ಎನ್ನುವುದಷ್ಟನ್ನು ಇದು ತೋರಿಸುತ್ತದೆ, ಮತ್ತು ಅದೇನೂ ಸಣ್ಣ ವಿಷಯವಲ್ಲ.

ಮಲ್ಪೆ ಬಂದರು:

ಸಮುದ್ರದವರ ‘ಬ್ಯಾಂಕ್’ ಬಗ್ಗೆ ಯಾರೂ ಬರೆದಿಲ್ಲ. ಸುತ್ತಲಿನ ಆಳಕ್ಕಿಂತ ಎದ್ದುನಿಂತ, ಆದರೆ ನೀರಿನ ಮೇಲೆ ಕಾಣದ ತಳಭಾಗಕ್ಕೆ ನಕ್ಷೆಗಳಲ್ಲಿ ಬ್ಯಾಂಕ್ ಎಂದು ಬರೆದಿರುತ್ತಾರೆ. ಅಂತಹ ಕಡೆ ಬೆಳಕು ತಳದವರೆಗೆ ಇಳಿಯುತ್ತದೆ, ಕೆಳಗಿನ ತಣ್ಣನೆಯ ನೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ, ಆದ್ದರಿಂದ ಮೀನು ಸಮೃದ್ಧವಾಗಿರುತ್ತದೆ. ಕನ್ಯಾಕುಮಾರಿಯ ದಕ್ಷಿಣಕ್ಕಿರುವ ವಾಡ್ಜ್ ಬ್ಯಾಂಕ್ ಹೆಸರು ಮೀನುಗಾರಿಕೆಯವರಿಗೆ ಗೊತ್ತಿರುವಂಥದ್ದು. 1976ರಲ್ಲಿ ಭಾರತ ಮತ್ತು ಶ್ರೀಲಂಕಾದ ನಡುವೆ ಅದರ ಹಕ್ಕಿನ ಬಗ್ಗೆ ಒಪ್ಪಂದವೇ ಆಯಿತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಶತಮಾನಗಳ ಕಾಲ ಕಾಡ್ ಮೀನು ಹಿಡಿದರು. ಅಲ್ಲಿಗೆ ಹೋಗುವ ದೋಣಿಗಳಿಗೆ ‘ಬ್ಯಾಂಕರ್’ ಎಂದೇ ಹೆಸರು. ಮಿತಿಮೀರಿ ಹಿಡಿದು ಮೀನೇ ಮುಗಿಯುತ್ತ ಬಂದಾಗ, 1992ರಲ್ಲಿ ಸರಕಾರ ಆ ಮೀನುಗಾರಿಕೆಯನ್ನು ನಿಷೇಧಿಸಿತು. ಇದನ್ನು ನಮ್ಮ ಬಂದರಿನವರೆಲ್ಲ ಓದಬೇಕು ಎಂದು ನನ್ನ ಆಸೆ.

ಮರಳಿನ ಬ್ಯಾಂಕ್ ಮಾತ್ರ ನಮಗೆ ಬೇಡವಾದದ್ದು. ಅಳಿವೆಯ ಬಾಯಲ್ಲಿ ಹೂಳು ತುಂಬಿ ಮರಳ ದಿಬ್ಬ ಎದ್ದರೆ, ಇಳಿತದ ಹೊತ್ತಿಗೆ ಬೋಟಿನ ತಳ ತಾಗಿ ನಿಲ್ಲುತ್ತದೆ. ಭರತ ಬರುವ ತನಕ ಕಾಯಬೇಕು, ಅಷ್ಟರಲ್ಲಿ ಅಲೆಯ ಹೊಡೆತಕ್ಕೆ ಹಲಗೆ ಬಿರಿಯುವುದೂ ಇದೆ.

ಘಟ್ಟದ ರೈಲು:

‘ಬ್ಯಾಂಕರ್’ ಎಂಬ ಪದ ರೈಲಿನವರಲ್ಲೂ ಇದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಏರುವ ಘಟ್ಟದಲ್ಲಿ 50 ಮೀಟರ್ ಮುಂದಕ್ಕೆ ಹೋದರೆ 1 ಮೀಟರ್ ಏರುವಷ್ಟು ಕಡಿದಾದ ಹಾದಿಯಿದೆ. ಅಲ್ಲಿ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸಿ ಹಿಂದಿನಿಂದ ದೂಡಿಸುತ್ತಾರೆ. ಆ ಎಂಜಿನ್ನಿಗೆ ಬ್ಯಾಂಕರ್ ಎನ್ನುತ್ತಾರೆ. ಬ್ರಿಟನ್ನಿನ ರೈಲ್ವೆ ಮಾತಿನಲ್ಲಿ ಏರುಹಾದಿಗೆ ‘ಬ್ಯಾಂಕ್’ ಎನ್ನುತ್ತಿದ್ದರು, ಏರನ್ನು ಹತ್ತಿಸುವ ಎಂಜಿನ್ ಆದ್ದರಿಂದ ಬ್ಯಾಂಕರ್. ದಂಡೆಯ ಇಳಿಜಾರಿನ ಅರ್ಥವೇ ಇಲ್ಲಿ ಮುಂದುವರಿದಿದೆ. ಪಿಯುಸಿ ಭೌತಶಾಸ್ತ್ರದಲ್ಲಿ ತಿರುವಿನ ರಸ್ತೆಯ ಹೊರಬದಿಯನ್ನು ಎತ್ತರಿಸುವುದಕ್ಕೆ ‘ಬ್ಯಾಂಕಿಂಗ್’ ಎಂದು ಓದಿದ್ದೂ, ವಿಮಾನ ತಿರುಗುವಾಗ ಒಂದು ರೆಕ್ಕೆ ತಗ್ಗಿಸುವುದಕ್ಕೆ ಅದೇ ಮಾತು ಹೇಳುವುದೂ ಇದರಿಂದಲೇ.

ರಕ್ತನಿಧಿ ತಂತ್ರಜ್ಞೆ, ಉಡುಪಿ:

‘ಬ್ಲಡ್ ಬ್ಯಾಂಕ್’ ಎಂಬ ಹೆಸರನ್ನು 1937ರಲ್ಲಿ ಶಿಕಾಗೊದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಡಾ. ಬರ್ನಾರ್ಡ್ ಫ್ಯಾಂಟಸ್ ಬಳಕೆಗೆ ತಂದರು. ಇಟ್ಟದ್ದನ್ನು ಬೇಕಾದಾಗ ಪಡೆಯಬಹುದು ಎಂಬ ಹಣದ ಬ್ಯಾಂಕಿನ ಕಲ್ಪನೆಯನ್ನೇ ಅವರು ರಕ್ತಕ್ಕೆ ಒಯ್ದರು. ಕನ್ನಡದಲ್ಲಿ ಅದು ‘ರಕ್ತನಿಧಿ’ ಆಯಿತು. ಆ ಪದ ನನಗೆ ಬಹಳ ಪ್ರಿಯ. ಕೊಡುವವರಿಗೂ ಪಡೆಯುವವರಿಗೂ ಗೌರವ ತರುವ ಪದ ಅದು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಕೊಡಿಯಾಲಬೈಲು:

‘ನಿಧಿ’ ಎಂದಿರಿ, ಅದಕ್ಕೆ ಈ ಮಾತು ಹೇಳಲೇಬೇಕು. ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಸ್ಥಾಪಿಸಿದ ಸಂಸ್ಥೆಯ ಮೊದಲ ಹೆಸರಿನಲ್ಲಿ ‘ಬ್ಯಾಂಕ್’ ಇರಲಿಲ್ಲ. ಅದು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’. 1910ರಲ್ಲಿ ‘ಕೆನರಾ ಬ್ಯಾಂಕ್’ ಎಂಬ ಹೆಸರು ಬಂತು. ಅಂದಿನವರ ಮನಸ್ಸಿನಲ್ಲಿ ಮುಂದೆ ನಿಂತದ್ದು ಎಲ್ಲರೂ ಸೇರಿ ಕೂಡಿಟ್ಟ ನಿಧಿಯ ಕಲ್ಪನೆ ಎಂದು ನನಗೆ ಅನಿಸುತ್ತದೆ, ಸಿಯೆನಾದ ‘ಮೊಂಟೆ’ಗೆ ಅದು ಹೆಚ್ಚು ಹತ್ತಿರ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಗಿ ಕಟ್ಟಿದ್ದು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್’. ಸಿಂಡಿಕೇಟಿನ ಮೊದಲ ಹೆಸರು ‘ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್’. ಆ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಗ್ರಾಹಕ ಬೆಂಚಿನ ಮುಂದೆ ಬಂದು ನಿಲ್ಲಬೇಕೆಂಬ ಸಾವಿರ ವರ್ಷಗಳ ರೂಢಿಯನ್ನು ನಮ್ಮ ಊರಿನ ಪಿಗ್ಮಿ ಏಜೆಂಟರು ಒಂದು ಪುಸ್ತಕ, ಒಂದು ಚೀಲ ಹಿಡಿದು ಬದಲಿಸಿದರು. ಬೀಡಿ ಕಟ್ಟುವವರೂ ಮೀನು ಮಾರುವವರೂ ಖಾತೆದಾರರಾದದ್ದು ಹೀಗೆ.

ಕುಂಜಿಬೆಟ್ಟಿನ ಓದುಗ:

‘ಬ್ಯಾಂಕ್ವೆಟ್’ ಎಂಬುದೂ ಇದೇ ಕುಲದ್ದೇ? ಮದುವೆ ಹಾಲ್‌ಗಳ ಮೇಲೆಲ್ಲ ಈಗ ಅದೇ ಹೆಸರು.

ಇಂಗ್ಲಿಷ್ ಅಧ್ಯಾಪಕಿ, ಮಣಿಪಾಲ:

ಹೌದು. ಇಟಲಿಯ ‘ಬಾಂಕೆಟ್ಟೊ’, ಸಣ್ಣ ಬೆಂಚು, ಫ್ರೆಂಚಿಗೆ ಹೋಗಿ ಔತಣದ ಹೆಸರಾಯಿತು. ನಮ್ಮಲ್ಲಿ ಊಟಕ್ಕೆ ಹೆಸರು ಕೊಟ್ಟದ್ದು ಸಾಲು. ಪಂಕ್ತಿ ಭೋಜನ ಎನ್ನುತ್ತೇವೆ, ಬಡಿಸುವವರು ಮೊದಲ ಹಂತಿ ಎದ್ದಿತು, ಎರಡನೆಯ ಹಂತಿ ಕೂರಿಸಿ ಎನ್ನುತ್ತಾರೆ. ‘ಮೌಂಟಿಬ್ಯಾಂಕ್’ ಎಂಬ ಪದವೂ ಈ ಕುಲದ್ದು. ಸಂತೆಯಲ್ಲಿ ಬೆಂಚು ಹತ್ತಿ ನಿಂತು ಸರ್ವರೋಗಕ್ಕೂ ಔಷಧಿ ಮಾರುವವನು, ಆಮೇಲೆ ಎಲ್ಲ ಬಗೆಯ ವಂಚಕರಿಗೂ ಅದು ಹೆಸರಾಯಿತು.

ಶಿಲ್ಪಶಾಲೆಯ ನೆರೆಯವ, ಕಾರ್ಕಳ:

ಬ್ಯಾಂಕರ್ ಎಂಬುದಕ್ಕೆ ಇನ್ನೊಂದು ಅರ್ಥ ಬಿಟ್ಟುಹೋಗಿದೆ. ಇಂಗ್ಲೆಂಡಿನ ಕಲ್ಲುಕುಟಿಗರು ಕಲ್ಲನ್ನು ಇಟ್ಟು ಕೆತ್ತುವ ದಪ್ಪನೆಯ ಪೀಠಕ್ಕೆ ‘ಬ್ಯಾಂಕರ್’ ಎನ್ನುತ್ತಾರೆ. ಅದರ ಮುಂದೆ ನಿಂತು ಕೆತ್ತುವವನು ‘ಬ್ಯಾಂಕರ್ ಮೇಸನ್’, ಕಟ್ಟಡದ ಮೇಲೆ ಕಲ್ಲು ಕೂರಿಸುವವನು ಬೇರೆ. ನಮ್ಮ ಕಾರ್ಕಳದ ಶಿಲ್ಪಿಗಳಲ್ಲಿ ಹೆಚ್ಚಿನವರು ನೆಲದ ಮೇಲೆ ಕಲ್ಲು ಮಲಗಿಸಿ ಅದರ ಪಕ್ಕದಲ್ಲೇ ಕುಳಿತು ಉಳಿ ಹಿಡಿಯುತ್ತಾರೆ. ಸಣ್ಣ ವಿಗ್ರಹಗಳಿಗೆ ಮಾತ್ರ ಎರಡು ಚಪ್ಪಡಿ ಪೇರಿಸಿ ಎತ್ತರ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಈ ಬ್ಯಾಂಕರ್ ಯಾವ ನಮೂದಿಗೆ ಸೇರಬೇಕು ಮೇಡಂ?

ಇಂಗ್ಲಿಷ್ ಅಧ್ಯಾಪಕಿ, ಮಣಿಪಾಲ:

ಬೆಂಚಿನ ಕಡೆಗೇ ಸೇರಬೇಕು. ಹಣದವರ ಬೆಂಚಿಗೂ ಶಿಲ್ಪಿಗಳ ಬೆಂಚಿಗೂ ಇಟಾಲಿಯನ್ನಿನಲ್ಲಿ ‘ಬಾಂಕೊ’ ಎಂದೇ ಹೆಸರು. ಮೀನಿನ ದೋಣಿ ಮತ್ತು ಘಟ್ಟದ ಎಂಜಿನ್ ಮಾತ್ರ ದಿಬ್ಬದ ಕವಲಿನವು.